ಅಜ್ಜನ ಮಂಜೂರಾತಿ ಕಡತ ಹುಡುಕಿಕೊಂಡು ಹೊರಟಿದ್ದು

ಶರಾವತಿ ಮುಳುಗಡೆಯ ಮನೆತನದವರು ಇದನ್ನು ಓದುತ್ತಿದ್ದರೆ ಮುಂದಿನ ಪ್ಯಾರಾ ಬಿಟ್ಟು ಹೋಗಬಹುದು. ನಿಮಗೆ ಗೊತ್ತಿಲ್ಲದ್ದು ಅದರಲ್ಲಿ ಏನೂ ಇಲ್ಲ.

ಶರಾವತಿಗೆ ಅಡ್ಡ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅಜ್ಜನ ಗದ್ದೆ, ಮನೆ, ಕೊಟ್ಟಿಗೆ ಎಲ್ಲ ಹಿನ್ನೀರಿನ ಅಡಿ ಹೋದವು. ಲಾರಿಗೆ ಸಾಮಾನು ಹೇರಿಸಿ ತಂದು ಶಿವಮೊಗ್ಗ ಜಿಲ್ಲೆಯಲ್ಲೇ ಇನ್ನೊಂದು ಕಡೆ ಕಾಡಿನ ಅಂಚಿಗೆ ಇಳಿಸಿದರಂತೆ. ಜಾಗ ತೋರಿಸಿದರು, ಮಂಜೂರಾಗಿದೆ ಅಂದರು. ಅಜ್ಜ ಅಗೆದು, ಕಾದಿಗೆ ತೆಗೆದು, ತೋಟ ಎಬ್ಬಿಸಿದ. ಈಗ ಪಹಣಿ ತೆಗೆಸಿದರೆ 'ಅರಣ್ಯ' ಅಂತ ಬರುತ್ತದೆ. ಹಾಗಾಗಿ ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಪೋಡಿ (ಸರ್ವೆ ನಂಬರು ಬೇರೆ ಮಾಡಿಸುವುದು) ಆಗುವುದಿಲ್ಲ, ಅಪ್ಪಯ್ಯ ಮತ್ತು ಚಿಕ್ಕಪ್ಪ ಹಿಸ್ಸೆ ಮಾಡಿಕೊಳ್ಳೋಣ ಅಂದರೂ ಆಗುವುದಿಲ್ಲ. ಮನೆಯಲ್ಲಿ ಇದ್ದ ಒಂದೇ ಆಧಾರ ಸಾಗುವಳಿ ಚೀಟಿಯ, ಅಂದರೆ ಜಮೀನು ಮಂಜೂರಾದವರಿಗೆ ಕೊಡುವ ಪತ್ರದ, ಜೆರಾಕ್ಸು. ಮೂಲ ಪ್ರತಿ ಯಾವುದೋ ಕಚೇರಿಗೆ ಕೊಟ್ಟು ವಾಪಸ್ ಬರಲಿಲ್ಲ. ಜೆರಾಕ್ಸಿನಲ್ಲಿ ಕಡತದ ನಂಬರು ಇರುವ ಜಾಗದಲ್ಲೇ ಸರಿಯಾಗಿ ಕಾಗದದ ಮಡಿಕೆ ಬಿದ್ದಿದೆ. 'ಎಲ್‌ಎನ್‌ಡಿ' ಎಂಬಷ್ಟು ಓದಲು ಬರುತ್ತದೆ, ಆಮೇಲಿನದ್ದು ಬರೀ ಕಪ್ಪು ಗೆರೆ.

ವಕೀಲರು ಹೇಳಿದ್ದು ಇಷ್ಟೇ: "ಮಂಜೂರಾತಿ ಕಡತ ತನ್ನಿ, ಇಲ್ಲದಿದ್ದರೆ ವಹಿಯಲ್ಲಿ ಎಂಟ್ರಿ ಆದರೂ ತನ್ನಿ. ಬಾಯಿ ಮಾತಿಗೆ ಬೆಲೆ ಇಲ್ಲ."

ಮೊದಲು ಬಾಯಲ್ಲೇ ಕೇಳಿ ನೋಡಿದೆವು. ತಾಲೂಕಿನ ಹೆಸರು ಹೇಳುವುದಿಲ್ಲ, ಯಾವ ತಾಲೂಕಿಗೆ ಹೋದರೂ ಕಥೆ ಬಹಳ ಬೇರೆ ಇರಲಿಕ್ಕಿಲ್ಲ. ಭೂಮಿ ಶಾಖೆಯ ಕೇಸ್ ವರ್ಕರ್ "ಹಳೇದು ಮೇಡಂ, ರೆಕಾರ್ಡ್ ರೂಮಲ್ಲಿ ಕೇಳಿ" ಅಂದರು. ರೆಕಾರ್ಡ್ ರೂಮಿನವರು "ನಂಬರ್ ಕೊಡಿ, ಹುಡುಕ್ತೀವಿ" ಅಂದರು. ನಂಬರಿಗಾಗಿ ಮತ್ತೆ ಭೂಮಿ ಶಾಖೆ. ಅಲ್ಲಿ "ಕಡತ ಸಿಕ್ಕಿದ್ರೆ ನಂಬರ್ ಹೇಳಬಹುದಿತ್ತು" ಅಂದರು. ಅಪ್ಪಯ್ಯನಿಗೆ ಎಪ್ಪತ್ತು ದಾಟಿದೆ. ಮೆಟ್ಟಿಲ ಮೇಲೆ ಕೂತು "ಬಿಡೇ, ನನ್ನ ಕಾಲಕ್ಕೆ ಆಗೋದಲ್ಲ ಇದು" ಅಂದಾಗಲೇ ನಾನು ಮಾಹಿತಿ ಹಕ್ಕಿನ ಅರ್ಜಿ ಹಾಕುವುದೆಂದು ನಿರ್ಧರಿಸಿದ್ದು.

ಇಲ್ಲಿ ಒಂದು ಮಾತು. ನಿಮ್ಮ ಬಳಿ ಕಡತದ ನಂಬರು ಇದ್ದರೆ ಆರ್‌ಟಿಐ ಬೇಡ. ಮಾಮೂಲಿ ನಕಲು ಅರ್ಜಿ ಕೊಡಿ, ಬೇಗ ಆಗುತ್ತದೆ. ನಂಬರು ಇಲ್ಲದಿದ್ದಾಗ, ಅಥವಾ ನಕಲು ಅರ್ಜಿಗೆ ಉತ್ತರವೇ ಬಾರದಿದ್ದಾಗ ಆರ್‌ಟಿಐ ಬೇಕಾಗುತ್ತದೆ.

ಅರ್ಜಿ ಬರೆಯುವುದು ನೋಡಿದಷ್ಟು ಸುಲಭ ಅಲ್ಲ. ಕರ್ನಾಟಕದ ನಿಯಮದಂತೆ ನಮೂನೆ 'ಎ' ಯಲ್ಲಿ ಕೊಡಬೇಕು, ಶುಲ್ಕ 10 ರೂಪಾಯಿ. ಬಿಪಿಎಲ್‌ನವರಿಗೆ ಶುಲ್ಕ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಬೇಕು. ನಾನು ಪೋಸ್ಟಲ್ ಆರ್ಡರ್ ಇಟ್ಟೆ. ನಮ್ಮ ಊರಿನ ಅಂಚೆ ಕಚೇರಿಯಲ್ಲಿ ಪೋಸ್ಟಲ್ ಆರ್ಡರ್ ಖಾಲಿ, ಪೇಟೆಗೆ ಹೋಗಿ ತರಬೇಕಾಯಿತು. ಹತ್ತು ರೂಪಾಯಿಯ ಆರ್ಡರಿಗೆ ಬಸ್ಸಿನ ಖರ್ಚೇ ಅದರ ಎಷ್ಟೋ ಪಟ್ಟು. ಸರ್ಕಾರದ ಆನ್‌ಲೈನ್ ಪೋರ್ಟಲ್ಲಿನಲ್ಲೂ ಹಾಕಬಹುದು, ಆದರೆ ಮಳೆ ಶುರುವಾದ ಮೇಲೆ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ಇನ್ನೂ ಒಂದು ಕಟ್ಟು ಇದೆ. ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಮುಳುಗಡೆಯ ಸಂಕಟ ಎಲ್ಲ ಬರೆಯಲು ಹೋದರೆ ಪದ ಅಲ್ಲೇ ಮುಗಿದುಹೋಗುತ್ತದೆ. ಯಾಕೆ ಬೇಕು ಅಂತ ಬರೆಯಬೇಕಾಗಿಯೂ ಇಲ್ಲ. ಮಾಹಿತಿ ಹಕ್ಕು ಕಾಯ್ದೆಯ ಕಲಂ 6(2) ಪ್ರಕಾರ ಅದನ್ನು ಕೇಳುವ ಅಧಿಕಾರವೇ ಅವರಿಗಿಲ್ಲ. 'ನಮ್ಮ ಪಹಣಿಯಲ್ಲಿ ಅರಣ್ಯ ಅಂತ ಯಾಕೆ ಬಂತು?' ಅಂತ ಪ್ರಶ್ನೆ ಹಾಕಿದರೂ ಉತ್ತರ ಸಿಗುವುದಿಲ್ಲ. ಕಚೇರಿಯಲ್ಲಿ ದಾಖಲೆಯಾಗಿ ಇರುವುದನ್ನಷ್ಟೇ ಈ ಕಾಯ್ದೆ ಕೊಡಿಸುತ್ತದೆ, ಕಾರಣ ಹುಡುಕಿ ಬರೆದುಕೊಡಿ ಅಂತ ಕೇಳಲಾಗುವುದಿಲ್ಲ. ನಾನು ಬರೆದಿದ್ದು ಹೀಗೆ:

"ಸದರಿ ಗ್ರಾಮದ ಸದರಿ ಸರ್ವೆ ನಂಬರಿನಲ್ಲಿ ಶರಾವತಿ ಯೋಜನೆಯ ಮುಳುಗಡೆ ಸಂತ್ರಸ್ತರಿಗೆ ಜಮೀನು ಮಂಜೂರು ಮಾಡಿದ ಬಗ್ಗೆ: ಮಂಜೂರಾತಿ ವಹಿಯ ಪುಟಗಳು, ಮಂಜೂರಾತಿ ಕಡತದ ಪೂರ್ಣ ಪ್ರತಿ, ಸಾಗುವಳಿ ಚೀಟಿ ವಿತರಣಾ ವಹಿಯ ಪುಟಗಳು. ಕಡತ ನಾಶಪಡಿಸಿದ್ದಲ್ಲಿ, ನಾಶಪಡಿಸಿದ ಕಡತಗಳ ವಹಿಯ ಸಂಬಂಧಪಟ್ಟ ಪುಟ ಮತ್ತು ಆದೇಶ. ಈ ದಾಖಲೆಗಳನ್ನು ಖುದ್ದು ಪರಿಶೀಲಿಸಲು ಅವಕಾಶ."

ಕೊನೆಯ ಎರಡು ವಾಕ್ಯ ನನ್ನ ಪಾಲಿಗೆ ಎಲ್ಲಕ್ಕಿಂತ ಕೆಲಸಕ್ಕೆ ಬಂದವು. ಕಚೇರಿ ಕಡತಗಳಿಗೆ ವರ್ಗ ಇರುತ್ತದೆ. 'ಎ' ವರ್ಗ ಅಂದರೆ ಶಾಶ್ವತವಾಗಿ ಇಡಬೇಕಾದ್ದು. ಕೆಳಗಿನ ವರ್ಗಗಳದ್ದು ಇಷ್ಟು ವರ್ಷ ಅಂತ ಇಟ್ಟು ಆಮೇಲೆ ನಾಶ ಮಾಡಬಹುದು, ಮಾಡಿದ್ದನ್ನು ಬರೆದಿಡಬೇಕು. ಹಾಗಾಗಿ ಕಡತ ಇದ್ದರೆ ಅದರ ಪ್ರತಿ ಕೊಡಬೇಕು, ಇಲ್ಲದಿದ್ದರೆ ಹೋಗಿದ್ದಕ್ಕೆ ಲೆಕ್ಕ ಕೊಡಬೇಕು. ಮೂರನೇ ದಾರಿ ಇರಬಾರದು.

ಮೂರನೇ ದಾರಿಯಲ್ಲೇ ಉತ್ತರ ಬಂತು, ಬಿಡಿ. ಆದರೆ ಅದಕ್ಕಿಂತ ಮುಂಚೆ ಕಾದಿದ್ದು ಬಹಳ.

ಕಾಯ್ದೆಯಲ್ಲಿ 30 ದಿನ ಅಂತಿದೆ. ಜೀವ, ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ನಮಗೆ ಮೊದಲು ಬಂದಿದ್ದು ಒಂದು ವರ್ಗಾವಣೆ ಪತ್ರ: ನಿಮ್ಮ ಅರ್ಜಿಯನ್ನು ಕಲಂ 6(3)ರ ಅಡಿ ಅರಣ್ಯ ಇಲಾಖೆಗೆ ಕಳಿಸಲಾಗಿದೆ. ವರ್ಗಾಯಿಸುವುದಾದರೆ 5 ದಿನದೊಳಗೆ ವರ್ಗಾಯಿಸಬೇಕು. ಈ ಪತ್ರಕ್ಕೆ ಸಹಿ ಬಿದ್ದಿದ್ದೇ ಮೂರನೇ ವಾರದಲ್ಲಿ. ಅರಣ್ಯ ಇಲಾಖೆಯವರು ಮಾತ್ರ ಚುರುಕು: ಮಂಜೂರಾತಿ ಕಂದಾಯ ಇಲಾಖೆಯ ವಿಷಯ, ನಮ್ಮಲ್ಲಿಲ್ಲ ಅಂತ ವಾಪಸ್ ಕಳಿಸಿದರು. ಚೆಂಡು ಹೋಗಿ ಬರುವ ಹೊತ್ತಿಗೆ ಆರಿದ್ರಾ ಮಳೆ ಹಿಡಿದಿತ್ತು, ತೋಟಕ್ಕೆ ಔಷಧಿ ಹೊಡೆಯುವ ಗಡಿಬಿಡಿ. ಅಮ್ಮ ದಿನಾ ಪೋಸ್ಟ್‌ಮ್ಯಾನ್ ದಾರಿ ನೋಡುತ್ತಿದ್ದಳು. ಕೊನೆಗೆ ಬಂತು ಹಿಂಬರಹ, ಒಂದೂವರೆ ಸಾಲು:

"ತಾವು ಕೋರಿರುವ ಕಡತವು ಈ ಕಚೇರಿಯ ಅಭಿಲೇಖಾಲಯದಲ್ಲಿ ಲಭ್ಯವಿರುವುದಿಲ್ಲ ಎಂದು ಈ ಮೂಲಕ ತಿಳಿಯಪಡಿಸಿದೆ."

ವಹಿಗಳ ಬಗ್ಗೆ ಒಂದು ಮಾತಿಲ್ಲ, ನಾಶದ ವಹಿಯ ಬಗ್ಗೆಯೂ ಇಲ್ಲ. ಮೇಲ್ಮನವಿ ಯಾರಿಗೆ ಹಾಕಬೇಕು ಅಂತಲೂ ಬರೆದಿರಲಿಲ್ಲ. ಮಾಹಿತಿ ನಿರಾಕರಿಸಿದರೆ ಅದನ್ನು ತಿಳಿಸುವುದು ಅವರ ಕರ್ತವ್ಯ.

ಆ ರಾತ್ರಿ ನನಗೆ ಬಂದಿದ್ದು ಸಿಟ್ಟಲ್ಲ, ಒಂಥರಾ ನಗು. ಅಣೆಕಟ್ಟು ಕಟ್ಟಿದ ಸರ್ಕಾರಕ್ಕೆ ನೀರು ಎಷ್ಟು ಅಡಿ ನಿಲ್ಲುತ್ತದೆ, ಯಾವ ಊರು ಯಾವಾಗ ಮುಳುಗುತ್ತದೆ ಅಂತ ಲೆಕ್ಕ ಗೊತ್ತಿತ್ತು. ಹೊರಡಿಸಿದ ಮನುಷ್ಯರಿಗೆ ಎಲ್ಲಿ, ಎಷ್ಟು, ಯಾವ ಆದೇಶದಲ್ಲಿ ಭೂಮಿ ಕೊಟ್ಟಿತು ಎಂಬುದು ಮಾತ್ರ ಅರವತ್ತು ವರ್ಷದ ಮೇಲೆ ಮೊಮ್ಮಗಳು ಅರ್ಜಿ ಹಾಕಿ ಕೇಳಬೇಕಾದ ವಿಷಯ. ಮಾಹಿತಿ ನೀತಿ ಅಂದರೆ ಕಂಪ್ಯೂಟರು, ಇಂಟರ್‌ನೆಟ್ಟು, ಬೆಂಗಳೂರಿನ ಸೆಮಿನಾರು ಅಂದುಕೊಳ್ಳುತ್ತೇವೆ. ನಮ್ಮ ಮನೆಯ ಮಟ್ಟಿಗೆ ಅದು ಇಷ್ಟು: ಸರ್ಕಾರ ಏನನ್ನು ಬರೆದಿಡಬೇಕು, ಎಷ್ಟು ಕಾಲ ಇಡಬೇಕು, ಯಾರು ಕೇಳಿದರೆ ಕೊಡಬೇಕು, ಯಾವುದನ್ನು ಮುಚ್ಚಿಡಬೇಕು, ಕಳೆದರೆ ಯಾರು ಹೊಣೆ. ಈ ಐದಕ್ಕೆ ಮೊದಲೇ ಉತ್ತರ ಬರೆದಿಟ್ಟುಕೊಳ್ಳದ ಸಮಾಜದಲ್ಲಿ ಕಾಗದ ಇದ್ದವನು ಮಾಲೀಕ, ಇಲ್ಲದವನು ಒತ್ತುವರಿದಾರ. ಅಜ್ಜ ಒತ್ತುವರಿದಾರ ಆಗಿದ್ದು ಹೀಗೆ.

ನಮ್ಮ ದೇಶದಲ್ಲಿ ಕೇಳುವ ಹಕ್ಕಿನ ಕಡೆಗೆ ಬಹಳ ದುಡಿದಿದ್ದೇವೆ. 1975ರಲ್ಲಿ ರಾಜ್ ನಾರಾಯಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಕೆಲಸ ತಿಳಿಯುವ ಹಕ್ಕು ಜನರಿಗಿದೆ ಅಂದಿತು. ತೊಂಬತ್ತರ ದಶಕದಲ್ಲಿ ರಾಜಸ್ಥಾನದ ಕೂಲಿಕಾರರು ಮಸ್ಟರ್ ರೋಲ್ (ಕೂಲಿಯವರ ಹಾಜರಿ ಪಟ್ಟಿ) ತೋರಿಸಿ, ಬಿಲ್ಲು ತೋರಿಸಿ ಅಂತ ಹಳ್ಳಿಹಳ್ಳಿಯಲ್ಲಿ ಕೂತರು, 1996ರಲ್ಲಿ ಬ್ಯಾವರ್ ಪೇಟೆಯಲ್ಲಿ ಧರಣಿ ಹೂಡಿದರು. ಕರ್ನಾಟಕವೂ ಹಿಂದೆ ಬಿದ್ದಿರಲಿಲ್ಲ, 2000ದಲ್ಲೇ ತನ್ನದೊಂದು ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. ಕೇಂದ್ರದ ಕಾಯ್ದೆ ಪೂರ್ತಿಯಾಗಿ ಜಾರಿಗೆ ಬಂದಿದ್ದು 2005ರ ಅಕ್ಟೋಬರ್ 12ಕ್ಕೆ. ಇಷ್ಟೆಲ್ಲ ಆಗಿಯೂ ಇಡುವ ಕರ್ತವ್ಯ ಹಿಂದೆಯೇ ಉಳಿಯಿತು. ಅದೂ ಕಾಯ್ದೆಯಲ್ಲಿದೆ. ಕಲಂ 4(1)(ಎ) ಓದಿ: ಪ್ರತಿ ಕಚೇರಿ ತನ್ನ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಮಾಡಿ, ಸುಲಭವಾಗಿ ಸಿಗುವಂತೆ ಇಟ್ಟುಕೊಳ್ಳಬೇಕು. ನನ್ನ ಪ್ರಕಾರ ಇಡೀ ಕಾಯ್ದೆಯ ಬುಡ ಅದು. ಅದರ ಬಗ್ಗೆ ಯಾರೂ ಗಲಾಟೆ ಮಾಡುವುದಿಲ್ಲ, ಯಾಕೆಂದರೆ ಅದರಲ್ಲಿ ಹಗರಣದ ರುಚಿ ಇಲ್ಲ.

ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂದಾಗಲೂ ಆಗಿದ್ದು ಅದೇ. ಕೈಬರಹದ ಪಹಣಿಯ ಕಾಟ ತಪ್ಪಿತು ನಿಜ, ನಿಮಿಷದಲ್ಲಿ ಪ್ರಿಂಟು ಸಿಗುತ್ತದೆ. ಆದರೆ ಆ ಪಹಣಿಯ ಹಿಂದಿನ ಆಧಾರ, ಅಂದರೆ ಕಡತ, ನಡಾವಳಿ, ವಹಿ, ಕಪಾಟಿನಲ್ಲೇ ಉಳಿಯಿತು. ಈಗ ಭೂ ಸುರಕ್ಷಾ ಅಂತ ತಾಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಒಳ್ಳೆಯದೇ. ಇದ್ದ ಕಾಗದ ಉಳಿಯುತ್ತದೆ. ಇಲ್ಲದ್ದನ್ನು ಸ್ಕ್ಯಾನ್ ಮಾಡಲಿಕ್ಕೆ ಆಗುವುದಿಲ್ಲ.

ಸರಿ, ಮೇಲ್ಮನವಿಗೆ ಬರುತ್ತೇನೆ. ಹಿಂಬರಹ ಸಿಕ್ಕ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಕಲಂ 19(1). ನಮ್ಮಿಂದ ಇದಕ್ಕೆ ಶುಲ್ಕ ಕೇಳಲಿಲ್ಲ. ಅವರು 30 ದಿನದಲ್ಲಿ, ಕಾರಣ ಬರೆದರೆ 45 ದಿನದಲ್ಲಿ ತೀರ್ಮಾನಿಸಬೇಕು. ನಾನು ಮೂರು ಅಂಶ ಬರೆದೆ. ಒಂದು, ಕೇಳಿದ ವಹಿಗಳ ಬಗ್ಗೆ ಉತ್ತರವೇ ಇಲ್ಲ. ಎರಡು, ಕಡತ ಸಿಗುತ್ತಿಲ್ಲ ಅನ್ನುವುದು ಕಲಂ 8ರ ವಿನಾಯಿತಿಗಳ ಪಟ್ಟಿಯಲ್ಲಿಲ್ಲ. ಕಡತ ಸಿಗುತ್ತಿಲ್ಲ ಅಂದು ಕೈ ತೊಳೆದುಕೊಳ್ಳುವಂತಿಲ್ಲ, ಸರಿಯಾಗಿ ಹುಡುಕಬೇಕು, ಸಿಗದಿದ್ದರೆ ಹೊಣೆ ಯಾರದ್ದೆಂದು ವಿಚಾರಣೆಯಾಗಬೇಕು ಅಂತ 2013ರಲ್ಲೇ ದೆಹಲಿ ಹೈಕೋರ್ಟು ಒಂದು ತೀರ್ಪಿನಲ್ಲಿ ಹೇಳಿದೆ. ಮೂರು, ಖುದ್ದು ಪರಿಶೀಲನೆ ಕೇಳಿದ್ದೆ, ಕಲಂ 2(ಜೆ) ಪ್ರಕಾರ ಅದೂ ಹಕ್ಕು. ಪತ್ರಕ್ಕೆ ಟಪಾಲು ವಿಭಾಗದಲ್ಲಿ ಮೊಹರು ಹಾಕಿಸಿ ಸ್ವೀಕೃತಿ ತೆಗೆದುಕೊಂಡೆ. ಮೊಹರಿನಲ್ಲಿ ತಾರೀಖು ಮಸುಕಾಗಿ ಬಿದ್ದಿತ್ತು, ಇನ್ನೊಂದು ಸಲ ಒತ್ತಿಸಿದೆ. ಗುಮಾಸ್ತರಿಗೆ ಇಷ್ಟ ಆಗಲಿಲ್ಲ. ಒತ್ತಿಸಿಯೇ ಬನ್ನಿ, ಮುಂದೆ ದಿನದ ಲೆಕ್ಕ ಎಲ್ಲ ಆ ತಾರೀಖಿನ ಮೇಲೆ ನಿಲ್ಲುತ್ತದೆ.

ವಿಚಾರಣೆಯ ನೋಟಿಸು ಬಂದಿದ್ದು ವಿಚಾರಣೆಯ ಹಿಂದಿನ ದಿನ. ಬೆಳಗಿನ ಮೊದಲ ಬಸ್ಸು ಮಳೆಗೆ ಬರಲಿಲ್ಲ, ಚಿಕ್ಕಪ್ಪನ ಬೈಕಿನಲ್ಲಿ ರೇನ್‌ಕೋಟು ಹಾಕಿಕೊಂಡು ಹೋದೆವು, ದಾಖಲೆಗಳನ್ನು ಅಡಿಕೆಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು. ಅಧಿಕಾರಿ ಒಳ್ಳೆಯವರಿದ್ದರು, ಕೂರಿಸಿ ಕೇಳಿದರು. ಮಾಹಿತಿ ಅಧಿಕಾರಿಯ ಪರವಾಗಿ ಬಂದಿದ್ದವರು "ಸರ್, ಹುಡುಕಿದೀವಿ, ಇಲ್ಲ" ಅಂದರು. "ಎಲ್ಲಿ ಹುಡುಕಿದ್ರಿ? ಯಾರು ಹುಡುಕಿದ್ರು? ಬರ್ದು ಕೊಡಿ" ಅಂದರು ಮೇಲಧಿಕಾರಿ. ಆ ಕೋಣೆಯಲ್ಲಿ ಗಾಳಿ ಬದಲಾಗಿದ್ದು ಆ ಮಾತಿಗೇ. ಅರ್ಜಿದಾರರ ಸಮ್ಮುಖದಲ್ಲಿ ವಹಿಗಳನ್ನು ಪರಿಶೀಲಿಸಲು ಅವಕಾಶ ಕೊಡಿ, ಕಡತ ಸಿಗದಿದ್ದರೆ ಹುಡುಕಿದ ವಿವರ ಸಮೇತ ಲಿಖಿತ ಉತ್ತರ ಕೊಡಿ ಅಂತ ಆದೇಶ ಆಯಿತು.

ರೆಕಾರ್ಡ್ ರೂಮಿನ ಒಳಗೆ ಹೋಗಲು ದಿನಾಂಕ ಸಿಕ್ಕಿದ್ದು ದಸರಾ ಕಳೆದ ಮೇಲೆ. ಅಷ್ಟು ಹೊತ್ತು ಗೋಡೆಯಾಚೆ ಇದ್ದಿದ್ದನ್ನು ಒಂದು ಸಲ ನೋಡಿದ ಮೇಲೆ ಅಲ್ಲಿನ ಸಿಬ್ಬಂದಿಯ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. ಉದ್ದ ಕೋಣೆ, ಕಬ್ಬಿಣದ ರ‍್ಯಾಕುಗಳು, ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು ಚಾವಣಿವರೆಗೆ. ಬಟ್ಟೆಯ ಬಣ್ಣ ಕಾಗದಕ್ಕೆ ಇಳಿದು ಅಂಚೆಲ್ಲ ಗುಲಾಬಿ. ಒಂದು ಮೂಲೆಯಲ್ಲಿ ಚಾವಣಿ ಸೋರಿ, ಅಲ್ಲಿದ್ದ ಗಂಟುಗಳು ಒಣಗಿ ಇಟ್ಟಿಗೆಯಂತೆ ಗಟ್ಟಿಯಾಗಿದ್ದವು, ಬಿಡಿಸಲು ಹೋದರೆ ಪುಡಿ. ಗಂಟುಗಳನ್ನು ಜೋಡಿಸಿದ್ದು ಊರಿನ ಪ್ರಕಾರ ಅಲ್ಲ, ವರ್ಷದ ಪ್ರಕಾರ. ಹಳೆಯ ಗಂಟಿನ ಚೀಟಿಗಳು ಎಷ್ಟೋ ಉದುರಿಹೋಗಿದ್ದವು. ಇಷ್ಟಕ್ಕೆ ಇದ್ದಿದ್ದು ಒಬ್ಬರೇ, ನಿವೃತ್ತಿಗೆ ಹತ್ತಿರವಾದ ರೆಕಾರ್ಡ್ ಕೀಪರ್. "ಅಮ್ಮಾ, ನನ್ ಜೊತೆ ಒಬ್ಬ ಹುಡುಗ ಇದ್ದ, ಅವನನ್ನ ಎಲೆಕ್ಷನ್ ಕೆಲ್ಸಕ್ಕೆ ಹಾಕಿದ್ರು, ವಾಪಸ್ ಬರ್ಲಿಲ್ಲ" ಅಂದರು.

ಅವರಿಗೆ ಗೊತ್ತಿದ್ದ ಒಂದು ವಿಷಯ ಯಾವ ಸೂಚಿಯಲ್ಲೂ ಇರಲಿಲ್ಲ. ಮುಳುಗಡೆಯ ಮಂಜೂರಾತಿಗಳನ್ನು ಮಾಮೂಲಿ ದರಖಾಸ್ತು ವಹಿಯಲ್ಲಿ ಬರೆಯದೆ ಬೇರೆ ಒಂದು ವಹಿಯಲ್ಲಿ ಬರೆದಿದ್ದರಂತೆ. ಅದು ರ‍್ಯಾಕಿನಲ್ಲಿರಲಿಲ್ಲ, ಹಳೆಯ ಮರದ ಕಪಾಟಿನ ತಳದಲ್ಲಿತ್ತು. ರಟ್ಟು ಕಿತ್ತುಬಂದಿತ್ತು, ಬೆಳ್ಳಿಮೀನು ಹುಳ ತಿಂದು ಅಂಚು ಜಾಲರಿಯಾಗಿತ್ತು. ಪುಟ ಮಗುಚುತ್ತಾ ಹೋದೆವು. ನೀಲಿ ಶಾಯಿ, ದುಂಡಗಿನ ಅಕ್ಷರ. ಅಜ್ಜನ ಹೆಸರು ಸಿಕ್ಕಿತು, ಅವನ ಮುಳುಗಿದ ಊರಿನ ಹೆಸರೂ. ಪಕ್ಕದಲ್ಲಿ ಎಕರೆ, ಗುಂಟೆ, ಆದೇಶದ ನಂಬರು, ತಾರೀಖು. ಷರಾ ಕಾಲಂನಲ್ಲಿ ಹೆಬ್ಬೆಟ್ಟಿನ ಗುರುತು. ಅಪ್ಪಯ್ಯ ಅದರ ಮೇಲೆ ಬೆರಳಿಡಲು ಹೋದ, ರೆಕಾರ್ಡ್ ಕೀಪರ್ ಮೆಲ್ಲಗೆ ಕೈ ಹಿಡಿದು "ಮುಟ್ಬೇಡಿ ಯಜಮಾನ್ರೇ, ಉದುರ್ತದೆ" ಅಂದರು.

ಆದೇಶದ ನಂಬರು ಸಿಕ್ಕಿತಲ್ಲ, ಆ ವರ್ಷದ ಗಂಟು ಬಿಚ್ಚಿದೆವು. ಆ ನಂಬರಿನ ಹಿಂದಿನದೂ ಇತ್ತು, ಮುಂದಿನದೂ ಇತ್ತು, ನಮ್ಮದಿರಲಿಲ್ಲ. ಹೊರಗೆ ತೆಗೆದುಕೊಂಡು ಹೋದವರ ಸಹಿ ಇರಬೇಕಾದ ಚಲನಾ ವಹಿಯಲ್ಲೂ ಏನೂ ಇರಲಿಲ್ಲ.

ಇನ್ನೊಂದು ತೊಡಕು ಬಂದಿದ್ದು ನಕಲು ಕೊಡುವಾಗ. ಆ ಪುಟದಲ್ಲಿ ಅಜ್ಜನ ಜೊತೆ ಇನ್ನೂ ಹಲವರ ಹೆಸರಿತ್ತು. "ಬೇರೆಯವರ ವೈಯಕ್ತಿಕ ಮಾಹಿತಿ, ಕೊಡಕ್ಕಾಗಲ್ಲ" ಅಂದರು. ಇದನ್ನು ಸುಮ್ಮನೆ ತಳ್ಳಿಹಾಕಬೇಡಿ, ಈಗ ಇದು ದೊಡ್ಡ ವಿಷಯ. ಮೊದಲು ಕಲಂ 8(1)(ಜೆ)ಯಲ್ಲಿ ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ, ಖಾಸಗಿತನಕ್ಕೆ ಕಾರಣವಿಲ್ಲದೆ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನಷ್ಟೇ ತಡೆಹಿಡಿಯಬಹುದಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ ಆ ಷರತ್ತುಗಳನ್ನು ತೆಗೆದು, ವೈಯಕ್ತಿಕ ಮಾಹಿತಿ ಅಂದರೆ ಸಾಕು ಅನ್ನುವಂತೆ ಮಾಡಿದ್ದಾರೆ. ನನ್ನ ಫೋನ್ ನಂಬರು, ಆಧಾರ್ ನಂಬರು ಬೀದಿಗೆ ಬೀಳಬಾರದು, ಅದಕ್ಕೊಂದು ಕಾನೂನು ಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸರ್ಕಾರಿ ಭೂಮಿ ಯಾರಿಗೆ ಮಂಜೂರಾಯಿತು ಅನ್ನುವುದನ್ನೂ ಅದೇ ಚೀಲಕ್ಕೆ ತುಂಬಿದರೆ ನಾಳೆ ಬಡವನ ಹೆಸರಿನಲ್ಲಿ ದೊಡ್ಡವನು ಮಾಡಿಸಿಕೊಂಡ ಮಂಜೂರಾತಿಯನ್ನು ಹಿಡಿಯುವುದು ಹೇಗೆ? ಎರಡು ಬಾಗಿಲು ಇನ್ನೂ ತೆರೆದಿವೆ. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಕೊಡಬಹುದು ಅನ್ನುವ ಕಲಂ 8(2) ಹಾಗೇ ಇದೆ. ಕೊಡಬಾರದ ಭಾಗವನ್ನು ಮುಚ್ಚಿ ಉಳಿದದ್ದನ್ನು ಕೊಡುವ ಕಲಂ 10 ಇದೆ. ನಮಗೆ ಅಜ್ಜನ ಸಾಲು ಸಾಕಿತ್ತು, ಹಾಗಾಗಿ ನಾನು ಕಲಂ 10 ತೋರಿಸಿದೆ. ಬೇರೆ ಹೆಸರುಗಳ ಮೇಲೆ ಬಿಳಿ ಕಾಗದ ಇಟ್ಟು ಜೆರಾಕ್ಸ್ ಮಾಡಿಕೊಟ್ಟರು. ಮುಚ್ಚಿದ ಸಾಲುಗಳಲ್ಲಿ ನಮ್ಮ ನೆರೆಯವರದ್ದೂ ಇದ್ದವು. ಅವರಿಗೆ ಹೇಳಿದ್ದೇನೆ, ಅವರವರ ಹೆಸರಿನಲ್ಲಿ ಅರ್ಜಿ ಹಾಕಿಕೊಳ್ಳುತ್ತಿದ್ದಾರೆ.

ನಕಲಿಗೆ ಪುಟಕ್ಕೆ 2 ರೂಪಾಯಿ. ಅವಧಿ ಮೀರಿ ಕೊಟ್ಟರೆ ಕಲಂ 7(6)ರ ಪ್ರಕಾರ ಉಚಿತ, ಕೇಳಿದರೆ ಮಾತ್ರ ನೆನಪಾಗುತ್ತದೆ. ಕಾನೂನಿನ ಖರ್ಚು ಅಷ್ಟೇ, ಒಂದು ಟೀಗಿಂತ ಕಡಿಮೆ. ನಿಜವಾದ ಖರ್ಚು ಬಸ್ಸು, ಪೆಟ್ರೋಲು, ಸ್ಪೀಡ್ ಪೋಸ್ಟು, ಜೆರಾಕ್ಸು, ಹೋಟೆಲಿನ ಊಟ, ಔಷಧಿ ಹೊಡೆಯುವ ದಿನ ಹೋದದ್ದಕ್ಕೆ ತೋಟದಲ್ಲಿ ಉದುರಿದ ಕಾಯಿ. ಕೂಲಿ ಮೇಲೆ ಬದುಕುವವರು ಇಷ್ಟು ಓಡಾಡಲು ಸಾಧ್ಯವೇ ಇಲ್ಲ. ಬ್ರೋಕರುಗಳು ಹುಟ್ಟುವುದು ಈ ಸಂದಿಯಲ್ಲೇ. ಕಚೇರಿ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಒಬ್ಬರು ಸಾವಿರಗಳಲ್ಲಿ ಕೇಳಿದ್ದರು, ಕಡತ ತರಿಸಿಕೊಡುತ್ತೇನೆ ಅಂತ. ಇಲ್ಲದ ಕಡತವನ್ನು ಎಲ್ಲಿಂದ ತರಿಸುತ್ತಿದ್ದರೋ.

ಈಗ ಕೈಯಲ್ಲಿರುವುದು ಎರಡು ಹಾಳೆ. ವಹಿಯ ದೃಢೀಕೃತ ನಕಲು ಒಂದು. ಕಡತ ಹುಡುಕಿದ ವಿವರ, ಸಿಗಲಿಲ್ಲ, ನಾಶಪಡಿಸಿದ ದಾಖಲೆಯೂ ಇಲ್ಲ ಎನ್ನುವ ಲಿಖಿತ ಉತ್ತರ ಇನ್ನೊಂದು. ಎರಡನೆಯದನ್ನು ನೋಡಿ ಚಿಕ್ಕಪ್ಪ "ಇದ್ರಿಂದ ಏನ್ ಬಂತು?" ಅಂದ. ಬಹಳ ಬಂತು. ಕಡತ ಮರುಸೃಷ್ಟಿಗೆ ಅರ್ಜಿ ಕೊಡಬೇಕಾದರೆ ಮೂಲ ಕಡತ ಇಲ್ಲ ಅಂತ ಕಚೇರಿಯೇ ಬರೆದುಕೊಟ್ಟಿರಬೇಕು. ಮಾಹಿತಿ ಸಿಕ್ಕ ಮಾತ್ರಕ್ಕೆ ಜಮೀನು ನಮ್ಮ ಹೆಸರಿಗೆ ಆಗುವುದಿಲ್ಲ ಅಂತ ನನಗೂ ಗೊತ್ತು. ಪಹಣಿಯಲ್ಲಿ ಅರಣ್ಯ ಅಂತ ಇರುವವರೆಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಎದುರಿಗಿದೆ, ಕೇಂದ್ರದ ಒಪ್ಪಿಗೆಯ ಪ್ರಶ್ನೆ ಇದೆ. ಆದರೆ ಮಂಜೂರಾತಿ ಆ ಕಾಯ್ದೆಗಿಂತ ಹಿಂದಿನದು ಎಂದು ಇನ್ನು ಮೇಲೆ ಕಾಗದ ಇಟ್ಟುಕೊಂಡು ಹೇಳಬಹುದು.

ಮರುಸೃಷ್ಟಿಯ ಅರ್ಜಿ ಹೋದ ವಾರ ಕೊಟ್ಟಿದ್ದೇವೆ. ಜೊತೆಗೆ ಕಾಣೆಯಾದ ಕಡತದ ಹೊಣೆ ಯಾರದ್ದೆಂದು ಕೇಳಿ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿಯನ್ನೂ ಬರೆಯುತ್ತಿದ್ದೇನೆ, ಅದಕ್ಕೆ 90 ದಿನದ ಅವಕಾಶ ಇದೆ. ಆಯೋಗ ದಂಡ ಹಾಕುವುದಾದರೆ ದಿನಕ್ಕೆ 250 ರೂಪಾಯಿ, ಹೆಚ್ಚೆಂದರೆ 25,000. ನನಗೆ ದಂಡದ ಆಸೆ ಇಲ್ಲ, ಆ ರೆಕಾರ್ಡ್ ಕೀಪರಿಗೆ ಒಬ್ಬ ಹುಡುಗನನ್ನು ವಾಪಸ್ ಕೊಡಲಿ ಅಂತ ಅದರಲ್ಲೇ ಒಂದು ಸಾಲು ಸೇರಿಸಿದ್ದೇನೆ. ನೀವು ಅರ್ಜಿ ಹಾಕುವುದಾದರೆ 'ಮುಳುಗಡೆ ಮಂಜೂರಾತಿಯ ಪ್ರತ್ಯೇಕ ವಹಿ' ಅಂತ ಸ್ಪಷ್ಟವಾಗಿ ಬರೆಯಿರಿ, ಮತ್ತು ಮುಳುಗಿದ ಊರಿನ ಹೆಸರನ್ನು ಹಳೆಯ ಕಾಗದದಲ್ಲಿ ಇದ್ದ ಹಾಗೇ ಹಾಕಿ.